ವಿಷಗಾಳಿ ಕುಡಿದ ಮೇಷ್ಟ್ರು: ಜಾನ್ ಸ್ಕಾಟ್ ಹಾಲ್ಡೇನ್

ಮೂರನೇ ಸೆಮಿಸ್ಟರ್‌ನಲ್ಲಿ ನಮ್ಮ ಬ್ಯಾಚ್ ಮಾಡಿದ ಮಿನಿ ಪ್ರಾಜೆಕ್ಟ್ ಒಂದು ಹೆಲ್ಮೆಟ್. ಹೌದು, ಅದೇ, ಗಣಿ ಕಾರ್ಮಿಕರಿಗೆ ಸ್ಮಾರ್ಟ್ ಹೆಲ್ಮೆಟ್. ನಗಬೇಡಿ. ಪ್ರತಿ ವರ್ಷ ಪ್ರತಿ ಕಾಲೇಜಿನಲ್ಲೂ ಯಾವುದಾದರೂ ಒಂದು ಬ್ಯಾಚ್ ಅದನ್ನೇ ಮಾಡುತ್ತೆ ಅಂತ ನನಗೂ ಗೊತ್ತು. ಒಂದು ಆರ್ಡುಯಿನೊ, ಕಾರ್ಬನ್ ಮೊನಾಕ್ಸೈಡ್ ಕಂಡುಹಿಡಿಯೋಕೆ ಒಂದು ಎಂಕ್ಯೂ-7 ಸೆನ್ಸರ್, ಒಂದು ಬಝರ್. ಗಾಳಿಯಲ್ಲಿ ವಿಷಾನಿಲ ಒಂದು ಮಿತಿ ದಾಟಿದರೆ ಬಝರ್ ಕೂಗಬೇಕು, ಅಷ್ಟೇ. ಡೆಮೊ ದಿನ ಊದಿನಕಡ್ಡಿ ಹಚ್ಚಿ ಹತ್ತಿರ ಹಿಡಿದ್ವಿ, ಕೂಗಿತು. ಎಲ್ಲರಿಗೂ ಖುಷಿ.

ಆಮೇಲೆ ಎಕ್ಸ್‌ಟರ್ನಲ್ ಸರ್ ಒಂದು ಸಣ್ಣ ಪ್ರಶ್ನೆ ಕೇಳಿದರು. ಕೋಡ್‌ನಲ್ಲಿ ನೀವು ಬರೆದಿರುವ ಈ ಮಿತಿ ಎಲ್ಲಿಂದ ಬಂತು, ಇಷ್ಟು ಅನಿಲಕ್ಕೆ ಮನುಷ್ಯನಿಗೆ ಏನಾಗುತ್ತೆ ಅಂತ ಮೊದಲು ಯಾರಿಗೆ ಹೇಗೆ ಗೊತ್ತಾಯ್ತು ಅಂತ. ನಾಲ್ಕು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ನಮ್ಮಲ್ಲಿ ಯಾರೂ ಗಣಿಯೊಳಗೆ ಇಳಿದವರಲ್ಲ. ಆ ಸಂಖ್ಯೆಯನ್ನು ಯಾವುದೋ ಹಳೆಯ ರಿಪೋರ್ಟ್‌ನಿಂದ ಕಾಪಿ ಮಾಡಿದ್ವಿ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ ಮನುಷ್ಯನೇ ಜಾನ್ ಸ್ಕಾಟ್ ಹಾಲ್ಡೇನ್. ಆ ಅನಿಲವನ್ನು ಅವರು ತಾವೇ ಉಸಿರಾಡಿ ಅಳತೆ ಮಾಡಿದ್ದರು.

ಹಾಲ್ಡೇನ್ ಹುಟ್ಟಿದ್ದು 1860ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. ದೊಡ್ಡ ಮನೆತನ. ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಮಂತ್ರಿಯಾದರು. ಇವರು 1884ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಮುಗಿಸಿದರು. ಕ್ಲಿನಿಕ್ ತೆರೆದು ಕೂರಬಹುದಿತ್ತು. ಆದರೆ ಅವರ ತಲೆಗೆ ಹೊಕ್ಕಿದ್ದು ಗಾಳಿ. ನಾವು ದಿನವಿಡೀ ಎಳೆದು ಬಿಡುವ ಈ ಗಾಳಿಯಲ್ಲಿ ಏನಿದೆ, ಅದು ಕೆಟ್ಟರೆ ದೇಹದಲ್ಲಿ ಏನಾಗುತ್ತೆ ಅನ್ನೋದೇ ಜೀವನಪೂರ್ತಿ ಅವರ ಪ್ರಶ್ನೆಯಾಯಿತು.

ಮೊದಲ ಕೆಲಸ ಡಂಡೀ ಊರಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ಅಲ್ಲಿ ಸಹೋದ್ಯೋಗಿಗಳ ಜೊತೆ ಸೇರಿ ಬಡವರ ಮನೆಗಳ ಗಾಳಿಯನ್ನು ಪರೀಕ್ಷಿಸಿದರು. ಅದೂ ಹಗಲು ಹೊತ್ತಿನಲ್ಲಲ್ಲ. ಜನ ಮಲಗಿದ್ದಾಗ ಗಾಳಿ ಹೇಗಿರುತ್ತೆ ಅಂತ ನೋಡಬೇಕಿತ್ತಲ್ಲ, ಅದಕ್ಕೆ ನಡುರಾತ್ರಿ ದಾಟಿದ ಮೇಲೆ ಹೋಗಿ ಬಾಗಿಲು ತಟ್ಟುತ್ತಿದ್ದರು. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗುವ ಮನೆಗಳಲ್ಲಿ ಗಾಳಿ ಎಲ್ಲಕ್ಕಿಂತ ಕೆಟ್ಟದಾಗಿತ್ತು, ಸಾವೂ ಹೆಚ್ಚಾಗಿತ್ತು. ಇದು 1887ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಸೋದರಮಾವ ಬರ್ಡನ್ ಸ್ಯಾಂಡರ್ಸನ್ ಶರೀರಶಾಸ್ತ್ರದ ಪ್ರೊಫೆಸರ್ ಆಗಿದ್ದರು.

ಗಾಳಿ ಕೆಟ್ಟಿರುವ ಜಾಗ ಹುಡುಕುವವನಿಗೆ ಆ ಕಾಲದ ಬ್ರಿಟನ್ನಿನಲ್ಲಿ ಕಲ್ಲಿದ್ದಲು ಗಣಿಗಿಂತ ದೊಡ್ಡ ಜಾಗ ಇನ್ನೊಂದಿರಲಿಲ್ಲ. ರೈಲು, ಹಡಗು, ಕಾರ್ಖಾನೆ ಎಲ್ಲ ಓಡುತ್ತಿದ್ದದ್ದು ಕಲ್ಲಿದ್ದಲಿನಿಂದ. ಗಣಿಯಲ್ಲಿ ಸಾಯುವವರಿಗೆ ಲೆಕ್ಕವಿರಲಿಲ್ಲ ಅನ್ನೋಕಾಗಲ್ಲ. ಸರ್ಕಾರ ಲೆಕ್ಕ ಇಡುತ್ತಿತ್ತು. ಆದರೆ ಯಾಕೆ ಸಾಯುತ್ತಾರೆ ಅನ್ನೋದು ಸರಿಯಾಗಿ ಗೊತ್ತಿರಲಿಲ್ಲ.

ಗಣಿಯವರು ಕೆಟ್ಟ ಗಾಳಿಗೆ ಬೇರೆ ಬೇರೆ ಹೆಸರು ಇಟ್ಟಿದ್ದರು. ಫೈರ್‌ಡ್ಯಾಂಪ್ ಅಂದರೆ ಬೆಂಕಿ ತಗುಲಿದರೆ ಸಿಡಿಯುವ ಮೀಥೇನ್. ಬ್ಲ್ಯಾಕ್‌ಡ್ಯಾಂಪ್ ಅಂದರೆ ದೀಪ ಆರಿಸುವ ಗಾಳಿ. ಅದರಲ್ಲಿ ಇರೋದು ನೈಟ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಅಂತ ತೋರಿಸಿದವರಲ್ಲಿ ಹಾಲ್ಡೇನ್ ಒಬ್ಬರು. ಆಫ್ಟರ್‌ಡ್ಯಾಂಪ್ ಅಂದರೆ ಸ್ಫೋಟವಾದ ಮೇಲೆ ಸುರಂಗದಲ್ಲಿ ಉಳಿಯುವ ಗಾಳಿ. ಗಣಿಯವರ ಕೈಯಲ್ಲಿದ್ದ ಸೆನ್ಸರ್ ಒಂದೇ, ಸೇಫ್ಟಿ ಲ್ಯಾಂಪ್. ಮೀಥೇನ್ ಇದ್ದರೆ ಅದರ ಜ್ವಾಲೆಯ ಮೇಲೆ ನೀಲಿ ಟೋಪಿ ಕಾಣುತ್ತಿತ್ತು, ಆಮ್ಲಜನಕ ಕಡಿಮೆಯಾದರೆ ದೀಪ ಆರುತ್ತಿತ್ತು. ಆದರೆ ಮನುಷ್ಯನನ್ನು ಕೊಲ್ಲುವಷ್ಟು ಕಾರ್ಬನ್ ಮೊನಾಕ್ಸೈಡ್ ಇದ್ದರೂ ಆ ದೀಪ ಏನೂ ಆಗಿಲ್ಲ ಅನ್ನೋ ಹಾಗೆ ಉರಿಯುತ್ತಲೇ ಇರುತ್ತಿತ್ತು. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ.

ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಕಾರ್ಬನ್ ಮೊನಾಕ್ಸೈಡನ್ನು ಹಿಡಿದುಕೊಳ್ಳುತ್ತೆ. ಬಸ್ಸಿನಲ್ಲಿ ಸೀಟೆಲ್ಲ ಮೊದಲೇ ಯಾರೋ ಟವಲ್ ಹಾಕಿ ಹಿಡಿದುಬಿಟ್ಟ ಹಾಗೆ. ಆಮ್ಲಜನಕ ಬಂದರೂ ಕೂರೋಕೆ ಜಾಗ ಇಲ್ಲ. ಗಾಳಿಯಲ್ಲಿ ಎಷ್ಟಿದ್ದರೆ, ಎಷ್ಟು ಹೊತ್ತಿನಲ್ಲಿ, ರಕ್ತದಲ್ಲಿ ಎಷ್ಟು ಸೀಟು ಹೋಗುತ್ತೆ? ಇದನ್ನು ತಿಳಿಯೋಕೆ ಹಾಲ್ಡೇನ್ ಪ್ರಯೋಗಾಲಯದಲ್ಲಿ ಕೂತು ಅಳತೆ ಮಾಡಿದ ಕಾರ್ಬನ್ ಮೊನಾಕ್ಸೈಡನ್ನು ಉಸಿರಾಡಿದರು. ನಡುನಡುವೆ ತಮ್ಮದೇ ರಕ್ತದ ಹನಿ ತೆಗೆದು, ನೀರಿನಲ್ಲಿ ತೆಳು ಮಾಡಿ, ಕೆಂಪು ಬಣ್ಣದ ದ್ರಾವಣದ ಜೊತೆ ಹೋಲಿಸಿ ನೋಡುತ್ತಿದ್ದರು. ಈ ಅನಿಲ ಸೇರಿದ ರಕ್ತ ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಆ ಬಣ್ಣವೇ ಅವರ ಮೀಟರ್. ಒಂದು ಪ್ರಯೋಗದಲ್ಲಿ ಅವರ ಹಿಮೋಗ್ಲೋಬಿನ್‌ನ ಸುಮಾರು 56% ವಿಷಾನಿಲದಿಂದ ತುಂಬಿತ್ತು. ಕಾಲು ನಿಲ್ಲುತ್ತಿರಲಿಲ್ಲ, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ತಲೆ ಓಡುತ್ತಿರಲಿಲ್ಲ. ಅಷ್ಟಾದರೂ ಏನೇನಾಗುತ್ತಿದೆ ಅನ್ನೋದು ದಾಖಲಾಗುತ್ತಲೇ ಹೋಯಿತು. 1895ರಲ್ಲಿ ಈ ಪ್ರಬಂಧ ಅಚ್ಚಾಯಿತು. ಸರ್ ಕೇಳಿದ ಪ್ರಶ್ನೆಯ ಉತ್ತರ ಶುರುವಾಗೋದು ಇಲ್ಲಿಂದ.

ಮುಂದಿನ ವರ್ಷ, 1896ರ ಜನವರಿ 27ರಂದು, ವೇಲ್ಸ್‌ನ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾಗಿ 57 ಜನ ಸತ್ತರು. ಹಾಲ್ಡೇನ್ ಅಲ್ಲಿಗೆ ಹೋದರು. ಸ್ಫೋಟ ಅಂದರೆ ಜನ ಸುಟ್ಟು, ಛಿದ್ರವಾಗಿ ಸಾಯುತ್ತಾರೆ ಅಂತಲೇ ಎಲ್ಲರ ನಂಬಿಕೆ. ಹಾಲ್ಡೇನ್ ಹೆಣಗಳನ್ನು ಪರೀಕ್ಷಿಸಿದರು, ಸತ್ತ ಕುದುರೆಗಳ ರಕ್ತವನ್ನೂ ನೋಡಿದರು. ಅದೇ ಗುಲಾಬಿ ಬಣ್ಣ. ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಬೆಂಕಿಯಲ್ಲ, ಸ್ಫೋಟದ ಹೊಡೆತವೂ ಅಲ್ಲ. ಸ್ಫೋಟ ಮುಗಿದ ಮೇಲೆ ಸುರಂಗಗಳಲ್ಲಿ ಹರಡಿದ ಕಾರ್ಬನ್ ಮೊನಾಕ್ಸೈಡ್.

ಇದು ಬರೀ ಪೋಸ್ಟ್‌ಮಾರ್ಟಂ ವರದಿಯ ವಿಷಯವಾಗಿರಲಿಲ್ಲ. ಬೆಂಕಿಯಲ್ಲಿ ಸತ್ತಿದ್ದರೆ ಯಾರೂ ಏನೂ ಮಾಡೋ ಹಾಗಿರಲಿಲ್ಲ. ಗಾಳಿಯಿಂದ ಸತ್ತಿದ್ದಾರೆ ಅಂದರೆ ಸ್ಫೋಟವಾದ ಮೇಲೂ ಅವರು ಬದುಕಿದ್ದರು, ಸರಿಯಾದ ದಾರಿ, ಸರಿಯಾದ ಗಾಳಿ, ಸರಿಯಾದ ಎಚ್ಚರಿಕೆ ಸಿಕ್ಕಿದ್ದರೆ ಅವರಲ್ಲಿ ಎಷ್ಟೋ ಜನ ಮನೆಗೆ ಹೋಗುತ್ತಿದ್ದರು ಅಂತ ಅರ್ಥ. ಆ ವರದಿ 1896ರಲ್ಲೇ ಸರ್ಕಾರದ ಮುಂದೆ ಬಂತು.

ಎಚ್ಚರಿಕೆ ಕೊಡೋದು ಹೇಗೆ? ತಮ್ಮ ಪ್ರಯೋಗಗಳಲ್ಲಿ ಹಾಲ್ಡೇನ್ ಒಂದು ವಿಷಯ ಗಮನಿಸಿದ್ದರು. ಅದೇ ಗಾಳಿಯಲ್ಲಿ ಇಲಿ ಅವರಿಗಿಂತ ಎಷ್ಟೋ ಮೊದಲೇ ಬೀಳುತ್ತಿತ್ತು. ಸಣ್ಣ ಪ್ರಾಣಿಯ ದೇಹ ತನ್ನ ತೂಕಕ್ಕೆ ಹೋಲಿಸಿದರೆ ತುಂಬಾ ಹೆಚ್ಚು ಗಾಳಿ ಎಳೆಯುತ್ತೆ, ಹಾಗಾಗಿ ಅದರ ರಕ್ತ ಬೇಗ ತುಂಬುತ್ತೆ. ಗಣಿಗೆ ಇಳಿಯುವಾಗ ಇಲಿಯನ್ನೋ ಸಣ್ಣ ಹಕ್ಕಿಯನ್ನೋ ಜೊತೆಗೆ ಒಯ್ಯಿರಿ ಅಂತ ಅವರು ಸಲಹೆ ಕೊಟ್ಟರು. ಬಳಕೆಗೆ ಬಂದದ್ದು ಕ್ಯಾನರಿ ಹಕ್ಕಿ. ಇಲಿ ಮೂಲೆಯಲ್ಲಿ ಮುದುರಿಕೊಂಡರೆ ಮಲಗಿದೆಯೋ ಸತ್ತಿದೆಯೋ ತಿಳಿಯಲ್ಲ, ಹಕ್ಕಿ ಕಡ್ಡಿಯಿಂದ ಕೆಳಗೆ ಬಿದ್ದರೆ ಕತ್ತಲಲ್ಲೂ ಗೊತ್ತಾಗುತ್ತೆ. ಹಕ್ಕಿ ಬಿದ್ದ ಕೂಡಲೇ ಮುಚ್ಚಿ ಆಮ್ಲಜನಕ ಬಿಡುವಂಥ ಗೂಡುಗಳೂ ಬಂದವು, ಹಕ್ಕಿ ಚೇತರಿಸಿಕೊಳ್ಳುತ್ತಿತ್ತು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಉಪಕರಣ ತರುವ ನಿರ್ಧಾರ ಹೊರಬಿದ್ದದ್ದು 1986ರಲ್ಲಿ. ಅಂದರೆ ನಮ್ಮ ಅಪ್ಪ ಅಮ್ಮ ಸ್ಕೂಲಿಗೆ ಹೋಗುತ್ತಿದ್ದ ಕಾಲದವರೆಗೂ ಆ ಹಕ್ಕಿ ಡ್ಯೂಟಿಯಲ್ಲಿತ್ತು. ನಮ್ಮ ಎಂಕ್ಯೂ-7 ಆ ಹಕ್ಕಿಯ ಮೊಮ್ಮಗ.

ಹಾಲ್ಡೇನ್ ಮನೆಯವರನ್ನೂ ಬಿಡಲಿಲ್ಲ. ಮಗ ಜ್ಯಾಕ್ ಚಿಕ್ಕ ಹುಡುಗನಾಗಿದ್ದಾಗಲೇ ಗಣಿಗೆ ಕರೆದುಕೊಂಡು ಹೋಗಿದ್ದರು. ಒಂದು ಕಡೆ ಸುರಂಗದ ಸೂರಿನ ಹತ್ತಿರ ಮೀಥೇನ್ ತುಂಬಿಕೊಂಡಿತ್ತು. ಹುಡುಗನನ್ನು ಎದ್ದು ನಿಂತು ಶೇಕ್ಸ್‌ಪಿಯರ್ ನಾಟಕದ ಒಂದು ಭಾಷಣ ಒಪ್ಪಿಸು ಅಂದರು. ಅವನು ಶುರು ಮಾಡಿದ, ಸ್ವಲ್ಪ ಹೊತ್ತಿಗೆ ಏದುಸಿರು ಬಂತು, ಕಾಲು ಸೋತು ಕೆಳಗೆ ಬಿದ್ದ. ನೆಲದ ಹತ್ತಿರ ಗಾಳಿ ಚೆನ್ನಾಗಿತ್ತು, ಎಚ್ಚರವಾದ. ಮೀಥೇನ್ ಗಾಳಿಗಿಂತ ಹಗುರ, ಮೇಲೆ ಸೇರುತ್ತೆ ಅನ್ನೋ ಪಾಠ ಅವನಿಗೆ ಜೀವನದಲ್ಲಿ ಮತ್ತೆ ಮರೆಯಲಿಲ್ಲ. ನಾವು ಅದನ್ನು ಮಾಲಿಕ್ಯುಲರ್ ವೇಟ್ 16, ಗಾಳಿಯದ್ದು ಸುಮಾರು 29 ಅಂತ ಬಾಯಿಪಾಠ ಮಾಡಿ ಎಕ್ಸಾಂ ಮುಗಿದ ಮೇಲೆ ಮರೀತೀವಿ. ಈ ಜ್ಯಾಕ್ ಯಾರು ಗೊತ್ತಾ? ಮುಂದೆ ಜೆ.ಬಿ.ಎಸ್. ಹಾಲ್ಡೇನ್ ಅಂತ ಪ್ರಸಿದ್ಧರಾದ ಜೀವವಿಜ್ಞಾನಿ. 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು.

ಕಲ್ಲಿದ್ದಲು ಗಣಿಯ ಕೆಲಸ ನಡೀತಿದ್ದಾಗಲೇ ಹಾಲ್ಡೇನ್ ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರದ ಗಣಿಗಳಿಗೂ ಇಳಿದರು. ಕಾರ್ನ್‌ವಾಲ್ ಅಂದರೆ ನಮಗೆ ದೂರದ ಹೆಸರು ಅನ್ನಿಸಬಹುದು, ಆದರೆ ನಮ್ಮ ಕೋಲಾರದ ಚಿನ್ನದ ಗಣಿ ಬೆಳೆಯುವಾಗ ಕೆಲಸ ಬಲ್ಲವರು ಅಂತ ಕರೆಸಿಕೊಂಡಿದ್ದು ಆ ಊರಿನ ಗಣಿಗಾರರನ್ನೇ. 1902ರಲ್ಲಿ ಅಲ್ಲಿನ ಡಾಲ್‌ಕೋತ್ ಗಣಿಯಲ್ಲಿ ಕಾರ್ಮಿಕರು ರಕ್ತಹೀನತೆಯಿಂದ ಬಿಳಿಚಿಕೊಂಡು ಸುಸ್ತಾಗುತ್ತಿದ್ದರು. ಗಾಳಿಯದ್ದೇ ತೊಂದರೆ ಅಂತ ತೋರುತ್ತಿತ್ತು. ಹಾಲ್ಡೇನ್ ಪರೀಕ್ಷಿಸಿ ನೋಡಿದರೆ ಗಾಳಿಯಲ್ಲ, ಕೊಕ್ಕೆಹುಳು. ಗಣಿಯೊಳಗೆ ಶೌಚದ ವ್ಯವಸ್ಥೆ ಇರಲಿಲ್ಲ, ಬಿಸಿ ಮತ್ತು ತೇವದಲ್ಲಿ ಹುಳು ಚೆನ್ನಾಗಿ ಬೆಳೆಯುತ್ತಿತ್ತು. ತಾನು ಗಾಳಿಯ ತಜ್ಞ ಅಂತ ಎಲ್ಲದಕ್ಕೂ ಗಾಳಿಯನ್ನೇ ದೂರಲಿಲ್ಲ ನೋಡಿ, ಅದು ನನಗೆ ಇಷ್ಟವಾಯಿತು. ಪರಿಹಾರವೂ ಅಷ್ಟೇ ಸರಳ, ಕಾರ್ಮಿಕರಿಗೆ ಸರಿಯಾದ ಶೌಚದ ವ್ಯವಸ್ಥೆ.

ಅಲ್ಲಿನ ಸೆಕೆಯನ್ನೂ ಅವರು ಅಳೆದರು. ಸೆಕೆಯಲ್ಲಿ ಮನುಷ್ಯನನ್ನು ಕೆಡವೋದು ಬರೀ ಥರ್ಮಾಮೀಟರಿನ ಸಂಖ್ಯೆಯಲ್ಲ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಸಂಖ್ಯೆ, ಅಂದರೆ ವೆಟ್ ಬಲ್ಬ್ ತಾಪಮಾನ ಅಂತ 1905ರಲ್ಲಿ ತೋರಿಸಿದರು. ಗಾಳಿ ಆಡದ ಕಡೆ ಅದು ಸುಮಾರು 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆವರು ಆರಲ್ಲ, ಮೈ ಕಾಯುತ್ತಲೇ ಹೋಗುತ್ತೆ. ಈಗ ಬೇಸಿಗೆ ಬಂದರೆ ಸುದ್ದಿಯಲ್ಲಿ ವೆಟ್ ಬಲ್ಬ್ ಅನ್ನೋ ಪದ ಕೇಳ್ತೀವಲ್ಲ, ಅದರ ಹಳೆಯ ಬೇರುಗಳಲ್ಲಿ ಒಂದು ಆ ತವರದ ಗಣಿಯಲ್ಲಿದೆ.

ಇಲ್ಲಿಯವರೆಗೂ ಓದಿ ನಾನು ಹಾಲ್ಡೇನ್ ಅವರ ಪಕ್ಕಾ ಫ್ಯಾನ್ ಆಗಿದ್ದೆ. ಇನ್ನೂ ಎಷ್ಟೋ ಇದೆ. ಮುಳುಗುಗಾರರು ನೀರಿನಿಂದ ಎಷ್ಟು ನಿಧಾನವಾಗಿ ಮೇಲೆ ಬರಬೇಕು ಅನ್ನೋ ಪಟ್ಟಿ 1908ರಲ್ಲಿ ಪ್ರಕಟಿಸಿದ್ದು ಅವರೂ ಜೊತೆಯವರೂ. 1915ರಲ್ಲಿ ಯುದ್ಧಭೂಮಿಯಲ್ಲಿ ಕ್ಲೋರಿನ್ ಬಿಟ್ಟಾಗ ಅದೇನು ಅಂತ ತಿಳಿಯೋಕೆ ಫ್ರಾನ್ಸಿಗೆ ಹೋದವರೂ ಅವರೇ. ಆದರೆ ಕಥೆ ಇಲ್ಲಿಗೆ ನಿಲ್ಲಿಸಿದರೆ ಅರ್ಧ ಹೇಳಿದ ಹಾಗೆ.

1912ರಲ್ಲಿ ಕಲ್ಲಿದ್ದಲು ಗಣಿ ಮಾಲೀಕರು ಡಾಂಕಾಸ್ಟರ್ ಹತ್ತಿರ ಒಂದು ಸಂಶೋಧನಾ ಪ್ರಯೋಗಾಲಯ ಶುರು ಮಾಡಿ ಹಾಲ್ಡೇನ್ ಅವರನ್ನು ನಿರ್ದೇಶಕರನ್ನಾಗಿ ಮಾಡಿದರು. 1921ರಲ್ಲಿ ಅದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಹೋಯಿತು, ಹಾಲ್ಡೇನ್ ಅಲ್ಲಿ ಗೌರವ ಪ್ರಾಧ್ಯಾಪಕರಾದರು. ಇವತ್ತು ವಿಶ್ವವಿದ್ಯಾಲಯಗಳಲ್ಲಿ ಜವಾಬ್ದಾರಿಯುತ ಗಣಿಗಾರಿಕೆ ಅಂತ ರಿಸರ್ಚ್ ಸೆಂಟರ್‌ಗಳು ಇವೆಯಲ್ಲ, ಅಂಥದ್ದರ ಹಳೆಯ ಮಾದರಿ ಅದು. ಹಣ ಕೈಗಾರಿಕೆಯದ್ದು, ವಿಜ್ಞಾನ ವಿಶ್ವವಿದ್ಯಾಲಯದ್ದು, ಶ್ವಾಸಕೋಶ ಕಾರ್ಮಿಕನದ್ದು.

ಆ ಹೊತ್ತಿನ ದೊಡ್ಡ ಪ್ರಶ್ನೆ ಧೂಳು. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಹಾಳು ಮಾಡುತ್ತೆ ಅಂತ ಹಾಲ್ಡೇನ್‌ಗೆ ಚೆನ್ನಾಗಿ ಗೊತ್ತಿತ್ತು. ಕಾರ್ನ್‌ವಾಲ್ ಗಣಿಗಾರರ ಬಗ್ಗೆ 1904ರಲ್ಲಿ ಬಂದ ವರದಿಯಲ್ಲಿ ಅವರದ್ದೂ ಕೈಯಿತ್ತು. ಆದರೆ ಕಲ್ಲಿದ್ದಲಿನ ಧೂಳು? ಅದು ಅಂಥ ಅಪಾಯಕಾರಿಯಲ್ಲ ಅಂತ ಅವರು ನಂಬಿದ್ದರು, ಹಾಗೇ ಹೇಳುತ್ತಲೂ ಬಂದರು. ಕಲ್ಲಿದ್ದಲು ಕಾರ್ಮಿಕರಲ್ಲಿ ಕ್ಷಯದ ಸಾವು ಬೇರೆ ಗಣಿಯವರಿಗಿಂತ ಕಡಿಮೆ ಅಂತ ಮರಣದ ಅಂಕಿಅಂಶಗಳು ತೋರಿಸುತ್ತಿದ್ದವು, ಅದೇ ಅವರ ಆಧಾರ. ಅಷ್ಟು ದೊಡ್ಡ ಮನುಷ್ಯ ಹೇಳಿದ ಮೇಲೆ ಆ ಮಾತಿಗೆ ತೂಕ ಇತ್ತು.

ಅವರು ತಪ್ಪಿದ್ದರು. ಅವರು ತೀರಿಕೊಂಡ ಮೇಲೆ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ದಕ್ಷಿಣ ವೇಲ್ಸ್‌ನ ಗಣಿಗಳಲ್ಲಿ ಅಧ್ಯಯನ ಮಾಡಿತು. ಕಲ್ಲಿದ್ದಲಿನ ಧೂಳೇ ಶ್ವಾಸಕೋಶವನ್ನು ಕಟ್ಟಿಹಾಕುತ್ತೆ ಅಂತ ಗೊತ್ತಾಯಿತು. ಆ ರೋಗದ ಹೆಸರು ನ್ಯೂಮೊಕೋನಿಯೋಸಿಸ್, ಅದಕ್ಕೆ ಪರಿಹಾರ ಕೊಡುವ ವ್ಯವಸ್ಥೆ ಬಂದದ್ದು 1943ರಲ್ಲಿ. ಅಷ್ಟರೊಳಗೆ ಎಷ್ಟೋ ಜನ ಏದುಸಿರು ಬಿಡುತ್ತಾ ಮನೆ ಸೇರಿದ್ದರು.

ಮಾಲೀಕರ ಹಣ ತಿಂದು ಹಾಗೆ ಹೇಳಿದರಾ? ತನ್ನ ರಕ್ತವನ್ನೇ ಪಣಕ್ಕಿಟ್ಟ ಮನುಷ್ಯನ ಬಗ್ಗೆ ಹಾಗೆ ಅನ್ನೋಕೆ ನನಗೆ ಬಾಯಿ ಬರಲ್ಲ. ನನಗೆ ಅನ್ನಿಸೋದು ಬೇರೆ. ಅವರ ವಿಧಾನದಲ್ಲೇ ಒಂದು ಮಿತಿ ಇತ್ತು. ಕಾರ್ಬನ್ ಮೊನಾಕ್ಸೈಡ್ ನಿಮಿಷಗಳಲ್ಲಿ ಕೆಲಸ ಮಾಡುತ್ತೆ. ಒಂದು ಮಧ್ಯಾಹ್ನ ಕೂತು ಅದನ್ನು ತನ್ನ ಮೈಯಲ್ಲೇ ನೋಡಬಹುದು. ಧೂಳು ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತೆ. ಅದನ್ನು ನೋಡಬೇಕಾದರೆ ಇಪ್ಪತ್ತು ವರ್ಷ ಕಲ್ಲಿದ್ದಲು ಅಗೆಯಬೇಕು. ಎಷ್ಟೇ ಧೈರ್ಯದ ಪ್ರೊಫೆಸರ್ ಆದರೂ ಸಂಜೆ ಮೇಲೆ ಬಂದು ರೈಲು ಹತ್ತುತ್ತಾನೆ. ಕ್ಯಾನರಿಯೂ ಅಷ್ಟೇ, ಈ ಕ್ಷಣದ ವಿಷ ಹೇಳುತ್ತೆ, ಇಪ್ಪತ್ತು ವರ್ಷದ ವಿಷಕ್ಕೆ ಹಕ್ಕಿ ಇಲ್ಲ. ಅದು ಗೊತ್ತಿದ್ದದ್ದು ಮನೆಯಲ್ಲಿ ಕೆಮ್ಮುತ್ತಾ ಕೂತಿದ್ದ ಹಳೆಯ ಕಾರ್ಮಿಕನಿಗೆ. ಅವನ ಕೆಮ್ಮು ಯಾವ ಪಟ್ಟಿಗೂ ಸರಿಯಾಗಿ ಸೇರಿರಲಿಲ್ಲ.

ಹಾಲ್ಡೇನ್ ಕೊನೆಯವರೆಗೂ ಕೆಲಸ ಬಿಡಲಿಲ್ಲ. 1934ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಬಂತು. ಎಪ್ಪತ್ತೈದರ ವಯಸ್ಸಿನಲ್ಲಿ, ತೈಲ ಸಂಸ್ಕರಣಾಗಾರಗಳ ಕಾರ್ಮಿಕರಿಗೆ ಬಿಸಿಲಿನ ಆಘಾತ ಯಾಕಾಗುತ್ತಿದೆ ಅಂತ ನೋಡೋಕೆ ಪರ್ಷಿಯಾಕ್ಕೆ ಹೋಗಿ ಬಂದರು. ಬಂದ ಸ್ವಲ್ಪ ದಿನಕ್ಕೆ ನ್ಯುಮೋನಿಯಾ ಆಗಿ 1936ರ ಮಾರ್ಚ್ ಮಧ್ಯದಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು. ಜೀವನವಿಡೀ ಉಸಿರಾಟವನ್ನು ಓದಿದವರು ಕೊನೆಗೆ ಶ್ವಾಸಕೋಶದ ಕಾಯಿಲೆಯಿಂದಲೇ ಹೋದರು.

ನಮ್ಮ ಅಜ್ಜಿಯ ಊರು ಬಂಗಾರಪೇಟೆ ಹತ್ತಿರ. ಅಲ್ಲಿಂದ ಕೆಜಿಎಫ್ ದೂರವಿಲ್ಲ. ಗಣಿ 2001ರಲ್ಲೇ ಮುಚ್ಚಿದೆ, ಆದರೆ ಚಿನ್ನ ತೆಗೆದು ಉಳಿದ ಮಣ್ಣಿನ ದಿಬ್ಬಗಳು, ಊರವರು ಸಯನೈಡ್ ದಿಬ್ಬ ಅಂತಾರೆ, ಹಾಗೇ ನಿಂತಿವೆ. ಗಾಳಿ ಜೋರಾದಾಗ ಆ ಪುಡಿ ಎದ್ದು ಬರುತ್ತೆ. ಚಿಕ್ಕವನಿದ್ದಾಗ ನಾವು ಅದರ ಮುಂದೆ ಫೋಟೊ ತೆಗೆಸಿಕೊಳ್ತಿದ್ವಿ. ಗಣಿ ಮುಚ್ಚಿದ ಮೇಲೂ ಧೂಳಿನ ಲೆಕ್ಕ ಮುಚ್ಚಲ್ಲ ಅಂತ ಆಗ ಗೊತ್ತಿರಲಿಲ್ಲ.

ಈಗ ನಮ್ಮ ಹೆಲ್ಮೆಟ್ ವಿಷಯ. ಅದರಲ್ಲಿ ಬಝರ್ ಇತ್ತು, ಮೆಮರಿ ಇರಲಿಲ್ಲ. ಸ್ವಿಚ್ ಆಫ್ ಮಾಡಿದರೆ ಎಲ್ಲ ಮರೆತುಹೋಗುತ್ತಿತ್ತು, ಮರುದಿನ ಮತ್ತೆ ಸೊನ್ನೆಯಿಂದ. ಹಾಲ್ಡೇನ್ ಬಗ್ಗೆ ಓದಿದ ಮೇಲೆ ನಾವು ನಾಲ್ಕೂ ಜನ ಕೂತು ಅದಕ್ಕೆ ಒಂದು ಧೂಳಿನ ಸೆನ್ಸರ್ ಮತ್ತು ಮೆಮರಿ ಕಾರ್ಡ್ ಹಾಕಿದ್ವಿ. ಹಾಕಿಕೊಂಡವರು ಇವತ್ತು ಎಷ್ಟು ಧೂಳು ಉಸಿರಾಡಿದರು, ಈ ತಿಂಗಳು ಎಷ್ಟು, ಈ ವರ್ಷ ಎಷ್ಟು ಅಂತ ಕೂಡಿಸುತ್ತಾ ಹೋಗೋ ಹಾಗೆ. ಆ ಕಾರ್ಡ್ ಮಾಲೀಕರ ಹತ್ತಿರ ಇರಬೇಕೋ ಕಾರ್ಮಿಕನ ಹತ್ತಿರ ಇರಬೇಕೋ ಅಂತ ನಮ್ಮಲ್ಲಿ ಅರ್ಧ ಗಂಟೆ ಜಗಳವಾಯಿತು. ಕಾರ್ಮಿಕನ ಹತ್ತಿರ ಅಂತ ತೀರ್ಮಾನವಾಯಿತು. ಇದಕ್ಕೆ ಮಾರ್ಕ್ಸ್ ಏನೂ ಸಿಗಲ್ಲ, ಸೆಮಿಸ್ಟರ್ ಮುಗಿದೇ ಹೋಗಿದೆ. ಮುಂದಿನ ವರ್ಷ ಇದೇ ಪ್ರಾಜೆಕ್ಟ್ ಮಾಡೋ ಜೂನಿಯರ್ಸ್ ಯಾರಾದರೂ ಇದ್ದರೆ ಕೋಡ್ ಕೊಡ್ತೀವಿ, ಬಂದು ಕೇಳಿ. ಆದರೆ ಮಿತಿಯ ಸಂಖ್ಯೆಯನ್ನು ಮಾತ್ರ ಕಾಪಿ ಮಾಡಬೇಡಿ, ಎಲ್ಲಿಂದ ಬಂತು ಅಂತ ಒಂದ್ಸಲ ಓದಿ.